ರಕ್ತದಲ್ಲಿ ಪಿಎಸ್‌ಎ, ಮೂತ್ರದಲ್ಲಿ 5-ಎಚ್‌ಐಎಎ: ಕ್ಯಾನ್ಸರ್ ಸೂಚಕಗಳನ್ನು ಪ್ರಯೋಗಾಲಯದಲ್ಲಿ ಅಳೆಯುವ ಬಗೆ

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್‌ನ ಸೂಚಕವಾದ ಪಿಎಸ್‌ಎಯ ವರದಿಯಲ್ಲಿ ‘ಪಿಎಸ್‌ಎ 6.2’ ಎಂದು ಅಚ್ಚಾಗಿರುತ್ತದೆ. ಆ 6.2 ಅನ್ನು ಯಾವ ಯಂತ್ರವೂ ಕಂಡಿರುವುದಿಲ್ಲ. ಹಳದಿ ದ್ರವವೊಂದು ಎಷ್ಟು ಬೆಳಕನ್ನು ಹೀರಿತು ಎಂಬುದಷ್ಟೇ ಯಂತ್ರಕ್ಕೆ ಗೊತ್ತು. ಪ್ರಮಾಣ ಮೊದಲೇ ತಿಳಿದಿರುವ ದ್ರಾವಣಗಳ, ಅಂದರೆ ಮಾನಕಗಳ, ಪಕ್ಕದಲ್ಲಿ ಅದನ್ನಿಟ್ಟು, ಹೋಲಿಸಿ, ಸಂಖ್ಯೆಯನ್ನು ತೀರ್ಮಾನಿಸುವವರು ನಾವು. ಆ ಹೋಲಿಕೆ ನ್ಯಾಯವಾಗಿ ನಡೆದಿದ್ದರೆ ಸಂಖ್ಯೆಗೆ ಬೆಲೆಯುಂಟು, ಇಲ್ಲವಾದರೆ ದಶಾಂಶ ಬಿಂದುವಿನ ನಂತರ ಎಷ್ಟು ಅಂಕಿಗಳಿದ್ದರೂ ವ್ಯರ್ಥ. ಮುಂದಿನ ಹಂತಗಳೆಲ್ಲ ಈ ಹೋಲಿಕೆಯನ್ನು ಕಾಪಾಡಿಕೊಳ್ಳುವ ಉಪಾಯಗಳು.

ಜೀವರಸಾಯನ ಅಥವಾ ಜೈವಿಕ ತಂತ್ರಜ್ಞಾನ ಓದುತ್ತಿರುವವರನ್ನು ಮತ್ತು ಪ್ರಯೋಗಾಲಯಕ್ಕೆ ಹೊಸದಾಗಿ ಬಂದವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಇಲ್ಲಿನಂತೆ ಕೈಯಾರೆ ಕಟ್ಟಿದ ಪರೀಕ್ಷೆ ಕಲಿಕೆಗೆ, ಸಂಶೋಧನೆಗೆ. ರೋಗಿಯ ಕೈಗೆ ಹೋಗುವ ಫಲಿತಾಂಶ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ, ಪರಿಶೀಲಿತ ಕಿಟ್ ಅಥವಾ ವಿಧಾನದಿಂದಲೇ ಬರಬೇಕು.

ಯಾವುದಕ್ಕೆ ಯಾವ ದಾರಿ

ಕ್ಯಾನ್ಸರ್ ಸೂಚಕಗಳ ಇತಿಹಾಸ 1840ರ ದಶಕದಷ್ಟು ಹಳೆಯದು. ಹೆನ್ರಿ ಬೆನ್ಸ್ ಜೋನ್ಸ್ ರೋಗಿಯೊಬ್ಬನ ಮೂತ್ರದಲ್ಲಿ ವಿಚಿತ್ರ ಪ್ರೋಟೀನೊಂದನ್ನು ಕಂಡ: ಬಿಸಿ ಮಾಡಿದಾಗ ಮಡ್ಡಿಯಾಗಿ, ಕುದಿಸಿದಾಗ ಮತ್ತೆ ಕರಗಿ, ತಣ್ಣಗಾದಾಗ ಪುನಃ ಮಡ್ಡಿ ಕಟ್ಟುತ್ತಿತ್ತು. ಮಲ್ಟಿಪಲ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್‌ನ ಸೂಚಕವದು, ಈಗಲೂ ಅವನ ಹೆಸರಿನಲ್ಲೇ ಇದೆ. ಯಕೃತ್ತಿನ ಗಡ್ಡೆಯ ಜೊತೆ ಎಎಫ್‌ಪಿ ಎಂಬ ಪ್ರೋಟೀನಿನ ನಂಟನ್ನು ಅಬೆಲೆವ್ ತೋರಿಸಿದ್ದು 1963ರಲ್ಲಿ, ಗೋಲ್ಡ್ ಮತ್ತು ಫ್ರೀಡ್‌ಮನ್ ಕರುಳಿನ ಕ್ಯಾನ್ಸರ್‌ನ ಸೂಚಕ ಸಿಇಎ ಗುರುತಿಸಿದ್ದು 1965ರಲ್ಲಿ. ಆದರೆ ಇಂಥವನ್ನು ದಿನನಿತ್ಯ ಅಳೆಯುವುದು ಸಾಧ್ಯವಾದದ್ದು ಪ್ರತಿಕಾಯಗಳನ್ನು (ಒಂದು ನಿರ್ದಿಷ್ಟ ಅಣುವನ್ನೇ ಗುರುತಿಸಿ ಹಿಡಿಯುವ ಪ್ರೋಟೀನುಗಳನ್ನು) ಅಳತೆಗೋಲಾಗಿ ಬಳಸಲು ಕಲಿತ ಮೇಲೆಯೇ. ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ವಿಕಿರಣದ ಗುರುತು ಹಚ್ಚಿ ಮಾಡಿದ್ದನ್ನು, 1971ರಲ್ಲಿ ಎಂಗ್‌ವಾಲ್ ಮತ್ತು ಪರ್ಲ್‌ಮನ್ ಕಿಣ್ವದ ಗುರುತಿನಿಂದ ಮಾಡಿದರು. ಅದೇ ಎಲಿಸಾ.

ಪಿಎಸ್‌ಎ ಸುಮಾರು 30 ಕಿಲೋಡಾಲ್ಟನ್ ತೂಕದ ಪ್ರೋಟೀನು. ಒಂದು ಮಿಲಿಲೀಟರ್ ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದಲ್ಲಿ) ಅದು ಕೆಲವೇ ನ್ಯಾನೋಗ್ರಾಂ ಇದ್ದರೆ, ಉಳಿದ ಪ್ರೋಟೀನುಗಳು ಸುಮಾರು 70 ಮಿಲಿಗ್ರಾಂ ಇರುತ್ತವೆ. ಅಂದರೆ ಬೇಡದ್ದು ಬೇಕಾದದ್ದಕ್ಕಿಂತ ಒಂದು ಕೋಟಿ ಪಟ್ಟಿಗೂ ಹೆಚ್ಚು. ಅಂಥ ಜಾತ್ರೆಯಲ್ಲಿ ಒಬ್ಬನನ್ನೇ ಹಿಡಿಯಬೇಕೆಂದರೆ ಅವನ ಮುಖ ಬಲ್ಲ ಇಬ್ಬರು ಬೇಕು: ಒಂದು ಪ್ರತಿಕಾಯ ಹಿಡಿದು ನಿಲ್ಲಿಸಬೇಕು, ಅಣುವಿನ ಬೇರೊಂದು ಭಾಗವನ್ನು ಗುರುತಿಸುವ ಎರಡನೆಯದು ಸಾಕ್ಷಿ ಹೇಳಬೇಕು. ಇದು ಸ್ಯಾಂಡ್‌ವಿಚ್ ಎಲಿಸಾ.

5-ಎಚ್‌ಐಎಎಯ ಕಥೆ ಬೇರೆ. ಸೆರೊಟೋನಿನ್ ಒಡೆದಾಗ ಉಂಟಾಗುವ, 191 ಡಾಲ್ಟನ್ ತೂಕದ ಸಣ್ಣ ರಾಸಾಯನಿಕ ಅದು. ಸೆರೊಟೋನಿನ್ ಸುರಿಸುವ ನರ-ಅಂತಃಸ್ರಾವಕ ಗಡ್ಡೆಗಳಿದ್ದರೆ ಮೂತ್ರದಲ್ಲಿ ಇದರ ಮಟ್ಟ ಏರುತ್ತದೆ. ಏಕಕಾಲಕ್ಕೆ ಎರಡು ಪ್ರತಿಕಾಯಗಳು ಹಿಡಿಯಲು ಆ ಅಣುವಿನ ಮೇಲೆ ಜಾಗವೇ ಇಲ್ಲ. ಹಾಗಾಗಿ ದ್ರವ ಕ್ರೊಮ್ಯಾಟೋಗ್ರಫಿಯಲ್ಲಿ ಬೇರ್ಪಡಿಸಿ, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಗುವುದು ಇದಕ್ಕೆ ಸರಿಯಾದ ದಾರಿ. ಸುಲಭವಾಗಿ ಆವಿಯಾಗುವ ಸಂಯುಕ್ತಗಳಾದರೆ ಅನಿಲ ಕ್ರೊಮ್ಯಾಟೋಗ್ರಫಿ. ಅದನ್ನು ಇಲ್ಲಿ ವಿವರಿಸುವುದಿಲ್ಲ, ತತ್ವ ಬಹುಮಟ್ಟಿಗೆ ಅದೇ.

ಹಂತ 1: ಮಾದರಿ ಹಾಳಾಗದಂತೆ ನೋಡಿಕೊಳ್ಳಿ

ಪಠ್ಯಪುಸ್ತಕಗಳು ಈ ಹಂತವನ್ನು ಅರ್ಧ ಪುಟದಲ್ಲಿ ಮುಗಿಸುತ್ತವೆ. ನನ್ನ ಲೆಕ್ಕದಲ್ಲಿ ಇದಕ್ಕೆ ಅತಿ ಹೆಚ್ಚು ಗಮನ ಬೇಕು, ಏಕೆಂದರೆ ಇಲ್ಲಿ ಕೆಟ್ಟದ್ದನ್ನು ಮುಂದೆ ಯಾವ ಯಂತ್ರವೂ ರಿಪೇರಿ ಮಾಡಲಾರದು.

ಪಿಎಸ್‌ಎಗೆ ಸೀರಂ ಬೇಕು. ರಕ್ತವನ್ನು ಸಾದಾ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ, ಕನಿಷ್ಠ 30 ನಿಮಿಷ ಹೆಪ್ಪುಗಟ್ಟಲು ಬಿಡಿ. ಅವಸರಪಟ್ಟರೆ ಸೀರಂನಲ್ಲಿ ಫೈಬ್ರಿನ್ ಎಳೆಗಳು ಉಳಿದು ಪಿಪೆಟ್ ಕಟ್ಟಿಕೊಳ್ಳುತ್ತದೆ. ಬಳಿಕ ಸುಮಾರು 1500 ಜಿ ಬಲದಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ಸೀರಂ ತೆಗೆದು ಸಣ್ಣ ಸಣ್ಣ ಪಾಲುಗಳಾಗಿ ಹಂಚಿ. ಅಂದೇ ಅಳೆಯದಿದ್ದರೆ ಹೆಪ್ಪುಗಟ್ಟಿಸಿಡಿ. ದೀರ್ಘಕಾಲಕ್ಕಾದರೆ ಮೈನಸ್ 80 ಡಿಗ್ರಿ. ಪಾಲು ಮಾಡುವುದು ಏಕೆಂದರೆ ಒಂದೇ ಕೊಳವೆಯನ್ನು ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದರೆ ಪ್ರೋಟೀನುಗಳು ಕೆಡುತ್ತವೆ.

ರಕ್ತ ತೆಗೆದ ಸಂದರ್ಭವನ್ನೂ ಬರೆದುಕೊಳ್ಳಿ. ಪ್ರಾಸ್ಟೇಟ್ ಬಯಾಪ್ಸಿಯ ನಂತರ ಪಿಎಸ್‌ಎ ವಾರಗಟ್ಟಲೆ ಏರಿರುತ್ತದೆ. ಬೇರೆ ಸೂಚಕಗಳಿಗೆ ಬೇರೆ ಬಲೆಗಳಿವೆ. ಎನ್‌ಎಸ್‌ಇ ಎಂಬ ಸೂಚಕ ಕೆಂಪು ರಕ್ತಕಣಗಳ ಒಳಗೂ ಇರುವುದರಿಂದ, ಕಣಗಳು ಒಡೆದು ಕೆಂಪಾದ ಸೀರಂನಲ್ಲಿ ಅದು ಸುಳ್ಳೇ ಏರಿದಂತೆ ಕಾಣುತ್ತದೆ. ಎಸ್‌ಸಿಸಿ ಪ್ರತಿಜನಕ (ಪ್ರತಿಜನಕವೆಂದರೆ ಪ್ರತಿಕಾಯ ಹಿಡಿಯುವ ಅಣು) ಚರ್ಮದಲ್ಲೂ ಜೊಲ್ಲಿನಲ್ಲೂ ಇದೆ, ಪ್ಲೇಟಿನ ಮೇಲೆ ಬಾಗಿ ಮಾತನಾಡಿದರೂ ಸಾಕು, ಸಂಖ್ಯೆ ಸುಳ್ಳೇ ಏರುತ್ತದೆ.

5-ಎಚ್‌ಐಎಎಗೆ ಸಾಮಾನ್ಯವಾಗಿ 24 ಗಂಟೆಗಳ ಮೂತ್ರವನ್ನು ಆಮ್ಲ ಹಾಕಿದ ಡಬ್ಬಿಯಲ್ಲಿ ಸಂಗ್ರಹಿಸುತ್ತಾರೆ. ಬೆಳಗಿನ ಮೊದಲ ಮೂತ್ರವನ್ನು ಚೆಲ್ಲಿ ಗಡಿಯಾರ ಆರಂಭಿಸಬೇಕು, ಮರುದಿನದ ಮೊದಲ ಮೂತ್ರವನ್ನು ಸೇರಿಸಿ ಮುಗಿಸಬೇಕು. ಬಾಳೆಹಣ್ಣು, ಅನಾನಸ್, ಆಕ್ರೋಟು, ಟೊಮೆಟೊಗಳಲ್ಲಿ ಸೆರೊಟೋನಿನ್ ಇರುವುದರಿಂದ ಸಂಗ್ರಹಕ್ಕೆ ಮೂರು ದಿನ ಮೊದಲಿನಿಂದ ಅವುಗಳನ್ನು ಬಿಡಬೇಕು. ಒಟ್ಟು ಎಷ್ಟು ಲೀಟರ್ ಎಂದು ಅಳೆದು ಬರೆಯದೆ ಸಣ್ಣ ಶೀಶೆಯಷ್ಟೇ ಕಳುಹಿಸಿದರೆ ದಿನದ ಲೆಕ್ಕ ಕಟ್ಟಲಾಗುವುದಿಲ್ಲ.

ಎಲ್ಲ ರಕ್ತವನ್ನೂ ಸೋಂಕು ಇರಬಹುದೆಂದೇ ಭಾವಿಸಿ ಕೈಗವಸು, ಕೋಟು, ಕಣ್ಣಿನ ರಕ್ಷಣೆ ಧರಿಸಿ.

ಹಂತ 2: ಪ್ಲೇಟ್ ಸಿದ್ಧಪಡಿಸಿ

96 ಕುಳಿಗಳ, ಪ್ರೋಟೀನ್ ಚೆನ್ನಾಗಿ ಅಂಟುವ ಪಾಲಿಸ್ಟೈರೀನ್ ಪ್ಲೇಟ್ ತೆಗೆದುಕೊಳ್ಳಿ. ಹಿಡಿಯುವ ಪ್ರತಿಕಾಯವನ್ನು ಪಿಎಚ್ 9.6ರ ಕಾರ್ಬೋನೇಟ್ ದ್ರಾವಣದಲ್ಲಿ ಮಿಲಿಲೀಟರಿಗೆ 2 ಮೈಕ್ರೋಗ್ರಾಂನಂತೆ ಕರಗಿಸಿ, ಪ್ರತಿ ಕುಳಿಗೆ 100 ಮೈಕ್ರೋಲೀಟರ್ ಹಾಕಿ, ಮುಚ್ಚಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. 1ರಿಂದ 10 ಮೈಕ್ರೋಗ್ರಾಂವರೆಗೆ ಬೇರೆ ಬೇರೆ ಪ್ರಮಾಣಗಳನ್ನು ಮೊದಲೇ ಪರೀಕ್ಷಿಸಿ ನಿಮ್ಮ ಪ್ರತಿಕಾಯಕ್ಕೆ ಹೊಂದುವುದನ್ನು ಆರಿಸಿ.

ಇಲ್ಲೊಂದು ಸೂಕ್ಷ್ಮವಿದೆ. ರಕ್ತದಲ್ಲಿ ಪಿಎಸ್‌ಎ ಹೆಚ್ಚಿನಂಶ ಮತ್ತೊಂದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಸ್ವಲ್ಪ ಮಾತ್ರ ಬಿಡಿಯಾಗಿ ತಿರುಗುತ್ತದೆ. ಪ್ರತಿಕಾಯಗಳ ಜೋಡಿ ಎರಡನ್ನೂ ಸಮನಾಗಿ ಗುರುತಿಸದಿದ್ದರೆ ‘ಒಟ್ಟು ಪಿಎಸ್‌ಎ’ ಎಂಬ ಹೆಸರೇ ಸುಳ್ಳಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 96/670 ಎಂಬ ಮಾನಕದಲ್ಲಿ ಅಂಟಿದ್ದು ಮತ್ತು ಬಿಡಿಯಾದದ್ದು 90ಕ್ಕೆ 10ರ ಪಾಲಿನಲ್ಲಿ ಇರುವುದು ಇದೇ ಕಾರಣಕ್ಕೆ. ಜೋಡಿಯನ್ನು ಅದರ ಮೇಲೆ ಪರೀಕ್ಷಿಸಿ.

ಮರುದಿನ 0.05% ಟ್ವೀನ್-20 ಬೆರೆಸಿದ ಫಾಸ್ಫೇಟ್ ಬಫರಿನಿಂದ ಮೂರು ಬಾರಿ ತೊಳೆದು, ಪ್ರತಿ ಕುಳಿಗೆ 300 ಮೈಕ್ರೋಲೀಟರ್ 1% ಬಿಎಸ್‌ಎ (ಹಸುವಿನ ಸೀರಂ ಆಲ್ಬುಮಿನ್) ದ್ರಾವಣ ತುಂಬಿ ಒಂದು ಗಂಟೆ ಬಿಡಿ. ಪ್ಲಾಸ್ಟಿಕ್ಕಿನ ಖಾಲಿ ಜಾಗವನ್ನೆಲ್ಲ ಇದು ಮುಚ್ಚುತ್ತದೆ. ಮುಚ್ಚದಿದ್ದರೆ ಮುಂದೆ ಹಾಕುವ ಪ್ರತಿಕಾಯಗಳು ಅಲ್ಲಿ ಕುಳಿತು ಖಾಲಿ ಕುಳಿಗಳಿಗೂ ಬಣ್ಣ ಬರುತ್ತದೆ.

ಹಂತ 3: ಮಾನಕಗಳು, ಮಾದರಿಗಳು, ಬಣ್ಣ

ಪಿಎಸ್‌ಎ ಮಾನಕವನ್ನು ಮಿಲಿಲೀಟರಿಗೆ 20 ನ್ಯಾನೋಗ್ರಾಂನಿಂದ ಆರಂಭಿಸಿ ಪ್ರತಿ ಸಲ ಅರ್ಧಕ್ಕಿಳಿಸುತ್ತಾ 10, 5, 2.5, 1.25, 0.63, 0.31 ಎಂದು ತಯಾರಿಸಿ, ಕೊನೆಗೆ ಸೊನ್ನೆ. ಪ್ರತಿ ಹೆಜ್ಜೆಗೂ ಹೊಸ ಪಿಪೆಟ್ ತುದಿ. ಕರಗಿಸುವ ದ್ರವ ಶುದ್ಧ ಬಫರ್ ಆಗಿದ್ದರೆ ಹೋಲಿಕೆ ಅಲ್ಲೇ ವಾರೆಯಾಗುತ್ತದೆ: ಮಾದರಿ ದಪ್ಪ ಸೀರಂನಲ್ಲಿ, ಮಾನಕ ತೆಳು ನೀರಿನಲ್ಲಿ. ಸ್ತ್ರೀಯರ ಸೀರಂನಲ್ಲಿ ಪಿಎಸ್‌ಎ ಬಹುತೇಕ ಇರುವುದಿಲ್ಲವಾದ್ದರಿಂದ ಅದರಲ್ಲೇ ಮಾನಕ ಕರಗಿಸುವುದು ಒಳ್ಳೆಯ ಉಪಾಯ.

ಮಾನಕ, ಕಂಟ್ರೋಲ್ (ಮೌಲ್ಯ ಗೊತ್ತಿರುವ ತಪಾಸಣೆಯ ಮಾದರಿ), ಮಾದರಿ ಎಲ್ಲವನ್ನೂ ಎರಡೆರಡು ಕುಳಿಗಳಲ್ಲಿ 100 ಮೈಕ್ರೋಲೀಟರ್ ಹಾಕಿ. ಎಲ್ಲ ಮಾನಕಗಳನ್ನೂ ಅಂಚಿನ ಸಾಲಿನಲ್ಲೇ ಜೋಡಿಸಬೇಡಿ, ಅಂಚಿನ ಕುಳಿಗಳು ಬೇಗ ಬಿಸಿಯಾಗುತ್ತವೆ, ಬೇಗ ಆವಿಯಾಗುತ್ತವೆ. ಕೋಣೆಯ ತಾಪದಲ್ಲಿ ಎರಡು ಗಂಟೆ ಬಿಟ್ಟು ಐದು ಬಾರಿ ತೊಳೆಯಿರಿ. ಪ್ರತಿ ತೊಳೆತದ ನಂತರ ಪ್ಲೇಟನ್ನು ಮಗುಚಿ ಹೀರುವ ಕಾಗದದ ಮೇಲೆ ಬಡಿದು ದ್ರವ ಪೂರ್ತಿ ಇಳಿಸಬೇಕು. ಎಲಿಸಾದಲ್ಲಿ ಕೈಚಳಕ ಎಂಬುದಿದ್ದರೆ ಅದು ಈ ತೊಳೆಯುವಿಕೆಯಲ್ಲಿದೆ.

ಈಗ ಬಯೋಟಿನ್ ಜೋಡಿಸಿದ ಎರಡನೆಯ ಪ್ರತಿಕಾಯ, ಒಂದು ಗಂಟೆ, ತೊಳೆಯುವುದು. ನಂತರ ಬಯೋಟಿನನ್ನು ಬಿಗಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್‌ಗೆ ಜೋಡಿಸಿದ ಎಚ್‌ಆರ್‌ಪಿ ಕಿಣ್ವ, 30 ನಿಮಿಷ, ಮತ್ತೆ ಚೆನ್ನಾಗಿ ತೊಳೆಯುವುದು. ಬಫರ್ ಕೆಡದಿರಲೆಂದು ಯಾರಾದರೂ ಸೋಡಿಯಂ ಅಜೈಡ್ ಬೆರೆಸಿದ್ದಾರೆಯೇ ನೋಡಿ. ಅದು ಎಚ್‌ಆರ್‌ಪಿ ಕಿಣ್ವವನ್ನು ತಡೆಯುತ್ತದೆ, ಇಡೀ ಪ್ಲೇಟ್ ಬಣ್ಣವಿಲ್ಲದೆ ಬಿಳುಚಿಕೊಂಡು ಕೂರುತ್ತದೆ.

ಕೊನೆಗೆ, ಆ ಕಿಣ್ವ ಬಣ್ಣಕ್ಕೆ ತಿರುಗಿಸುವ ಟಿಎಂಬಿ ದ್ರಾವಣ 100 ಮೈಕ್ರೋಲೀಟರ್, ಕತ್ತಲಲ್ಲಿ 10ರಿಂದ 20 ನಿಮಿಷ. ನೀಲಿ ಏರುತ್ತದೆ. ಯಾವ ಕ್ರಮದಲ್ಲಿ, ಯಾವ ವೇಗದಲ್ಲಿ ಟಿಎಂಬಿ ಹಾಕಿದಿರೋ ಅದೇ ಕ್ರಮ, ಅದೇ ವೇಗದಲ್ಲಿ ಗಂಧಕಾಮ್ಲ ಹಾಕಿ ನಿಲ್ಲಿಸಿ. ನೀಲಿ ಹಳದಿಗೆ ತಿರುಗಿದ ಮೇಲೆ 15 ನಿಮಿಷದೊಳಗೆ 450 ನ್ಯಾನೋಮೀಟರಿನಲ್ಲಿ ಓದಿ, ಪ್ಲಾಸ್ಟಿಕ್ಕಿನ ಗೀರು-ಕಲೆಗಳ ಪಾಲನ್ನು ಕಳೆಯಲು 570ರಲ್ಲೂ ಓದಿ. ಆಮ್ಲವಿರುವ ಈ ಕುಳಿಗಳಿಗೆ ಸ್ವಚ್ಛಗೊಳಿಸಲೆಂದು ನೇರವಾಗಿ ಬ್ಲೀಚ್ ಸುರಿಯಬೇಡಿ, ಕ್ಲೋರಿನ್ ಅನಿಲ ಹೊರಬರುತ್ತದೆ.

ಹಂತ 4: ಬಣ್ಣದಿಂದ ಸಂಖ್ಯೆಗೆ

ಮಾನಕಗಳ ಬಿಂದುಗಳ ನಡುವೆ ಸ್ಕೇಲ್ ಇಟ್ಟು ನೇರ ಗೆರೆ ಎಳೆಯುವ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಎಲಿಸಾದ ವಕ್ರರೇಖೆ ಎರಡೂ ತುದಿಗಳಲ್ಲಿ ಬಾಗುತ್ತದೆ, ಆದ್ದರಿಂದ ನಾಲ್ಕು ಪ್ಯಾರಾಮೀಟರುಗಳ ಲಾಜಿಸ್ಟಿಕ್ ರೇಖೆ ಬಳಸಿ. ಆಮೇಲೆ ಪ್ರತಿ ಮಾನಕವನ್ನೂ ಅಪರಿಚಿತ ಮಾದರಿಯೆಂದೇ ಭಾವಿಸಿ ಅದೇ ರೇಖೆಯಿಂದ ಲೆಕ್ಕ ಹಾಕಿ ನೋಡಿ: 5 ಎಂದು ಹಾಕಿದ್ದು 4.8 ಎಂದು ಬಂದರೆ ಸರಿ, 3.7 ಎಂದು ಬಂದರೆ ರೇಖೆಯನ್ನು ನಂಬಬೇಡಿ. ಜೋಡಿ ಕುಳಿಗಳ ನಡುವಿನ ವ್ಯತ್ಯಾಸ ಗುಣಾಂಕ (ಪ್ರಮಾಣ ವಿಚಲನೆ ಸರಾಸರಿಯ ಶೇಕಡಾ ಎಷ್ಟು ಎಂಬುದು) 15% ಮೀರಿದರೆ ನಾನು ಆ ಮಾದರಿಯನ್ನು ಮತ್ತೆ ಹಾಕುತ್ತೇನೆ. ರೇಖೆಯ ಅತಿ ಮೇಲಿನ ಮಾನಕವನ್ನು ಮೀರಿದ ಮಾದರಿಯನ್ನು ಊಹಿಸಿ ಬರೆಯದೆ, ತೆಳುಗೊಳಿಸಿ ಮತ್ತೆ ಅಳೆಯಿರಿ.

ಕೆಳಗಿನ ಮಿತಿಯನ್ನೂ ಸಂಖ್ಯೆಯಲ್ಲೇ ಹೇಳಬೇಕು. ಖಾಲಿ ಮಾದರಿಗಳನ್ನು ಅನೇಕ ಬಾರಿ ಅಳೆದು, ಸರಾಸರಿಗೆ ಪ್ರಮಾಣ ವಿಚಲನೆಯ 1.645 ಪಟ್ಟು ಸೇರಿಸಿದರೆ ಖಾಲಿಯ ಮಿತಿ ಸಿಗುತ್ತದೆ. ಅದಕ್ಕೆ, ಅತಿ ಕಡಿಮೆ ಪ್ರಮಾಣದ ನಿಜ ಮಾದರಿಯ ವಿಚಲನೆಯ 1.645 ಪಟ್ಟು ಸೇರಿಸಿದರೆ ಪತ್ತೆಯ ಮಿತಿ. ಅದಕ್ಕಿಂತ ಕೆಳಗಿನದನ್ನು ‘ಇಲ್ಲ’ ಎಂದು ಬರೆಯುವುದು ತಪ್ಪು. ‘ಇಷ್ಟಕ್ಕಿಂತ ಕಡಿಮೆ’ ಎಂದು ಬರೆಯಬೇಕು.

ಹಂತ 5: ಫಲಿತಾಂಶವನ್ನು ಅನುಮಾನಿಸಿ

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಕೈತೊಳೆದುಕೊಂಡು ಹೊರಡುತ್ತಾರೆ. ಆದರೆ ಚಂದದ ರೇಖೆ ಬಂದಾಗಲೂ ಮಾದರಿ ನಿಮ್ಮನ್ನು ವಂಚಿಸಬಹುದು.

ಮಾದರಿಯನ್ನೂ ಎರಡನೆಯ ಪ್ರತಿಕಾಯವನ್ನೂ ಒಟ್ಟಿಗೆ ಹಾಕುವ, ಸಮಯ ಉಳಿಸುವ ವಿಧಾನಗಳಲ್ಲಿ ಪ್ರತಿಜನಕ ವಿಪರೀತ ಹೆಚ್ಚಿದ್ದರೆ ಎರಡೂ ಪ್ರತಿಕಾಯಗಳು ಬೇರೆ ಬೇರೆ ಅಣುಗಳನ್ನು ಹಿಡಿದುಕೊಳ್ಳುತ್ತವೆ. ಜೋಡಿ ಕೂಡುವುದೇ ಇಲ್ಲ, ಬಣ್ಣ ಬರುವುದಿಲ್ಲ. ದೊಡ್ಡ ಗಡ್ಡೆ ಇರುವವರ ವರದಿಯಲ್ಲಿ ಸಣ್ಣ ಸಂಖ್ಯೆ ಬರುವುದೆಂದರೆ ಇದಕ್ಕಿಂತ ಕ್ರೂರ ವ್ಯಂಗ್ಯ ಇರಲಾರದು. ಹುಕ್ ಪರಿಣಾಮ ಎಂದು ಇದನ್ನು ಕರೆಯುತ್ತಾರೆ. ಎಎಫ್‌ಪಿ, ಎಚ್‌ಸಿಜಿಗಳಂಥ ಬಹಳ ಮೇಲೇರುವ ಸೂಚಕಗಳಲ್ಲಿ ಇದರ ಭಯ ಹೆಚ್ಚು. ಪತ್ತೆ ಸುಲಭ: ಮಾದರಿಯನ್ನು 10 ಪಟ್ಟು, 100 ಪಟ್ಟು ತೆಳುಗೊಳಿಸಿ ಅಳೆದು, ಅಷ್ಟೇ ಪಟ್ಟಿನಿಂದ ಗುಣಿಸಿ. ಉತ್ತರ ಒಂದೇ ಆಗಿದ್ದರೆ ನಿಶ್ಚಿಂತೆ. ತೆಳುಗೊಳಿಸಿದಷ್ಟೂ ಉತ್ತರ ಏರುತ್ತಿದ್ದರೆ ಹುಕ್ ಇದೆ.

ಪರೀಕ್ಷೆಯ ಪ್ರತಿಕಾಯಗಳು ಸಾಮಾನ್ಯವಾಗಿ ಇಲಿಯಿಂದ ಬಂದವು, ಕೆಲವರ ರಕ್ತದಲ್ಲಿ ಇಲಿಯ ಪ್ರತಿಕಾಯಗಳನ್ನೇ ಹಿಡಿಯುವ ಪ್ರತಿಕಾಯಗಳಿರುತ್ತವೆ. ಅವು ಪಿಎಸ್‌ಎ ಇಲ್ಲದಿದ್ದರೂ ನಮ್ಮ ಎರಡು ಪ್ರತಿಕಾಯಗಳ ನಡುವೆ ಸೇತುವೆ ಕಟ್ಟಿ ಸುಳ್ಳು ಬಣ್ಣ ತರುತ್ತವೆ. ತಡೆಯಲು ಬಫರಿಗೆ ಇಲಿಯ ಸಾಮಾನ್ಯ ಪ್ರತಿಕಾಯವನ್ನು ಬೆರೆಸುತ್ತಾರೆ. ಬಯೋಟಿನ್ ಮಾತ್ರೆಗಳನ್ನು ಹೆಚ್ಚು ಪ್ರಮಾಣದಲ್ಲಿ ನುಂಗುವವರ ರಕ್ತ ಮತ್ತೊಂದು ತೊಡಕು, 2017ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ಬಗ್ಗೆ ಎಚ್ಚರಿಕೆ ನೀಡಿತು. ಮೇಲೆ ವಿವರಿಸಿದ ಕ್ರಮದಲ್ಲಿ ಸ್ಟ್ರೆಪ್ಟಾವಿಡಿನ್ ಬರುವ ಮೊದಲೇ ಮಾದರಿಯನ್ನು ತೊಳೆದು ತೆಗೆದಿರುವುದರಿಂದ ಆ ಬಯೋಟಿನ್ ಹರಿದುಹೋಗಿರುತ್ತದೆ. ಎಲ್ಲವನ್ನೂ ಒಂದೇ ಬಾರಿ ಬೆರೆಸುವ ವೇಗದ ವಿಧಾನಗಳಿಗೆ ಈ ರಕ್ಷಣೆಯಿಲ್ಲ.

ಇನ್ನೊಂದು ಪರೀಕ್ಷೆ, ಬೆರೆಸಿ ಹುಡುಕುವುದು. 3 ನ್ಯಾನೋಗ್ರಾಂ ಇರುವ ಮಾದರಿಗೆ 5 ಸೇರಿಸಿದರೆ 8 ಬರಬೇಕು. 5.6 ಬಂದರೆ ಸೇರಿಸಿದ ಐದರಲ್ಲಿ ನಮಗೆ ಮರಳಿ ಸಿಕ್ಕಿದ್ದು 2.6, ಅಂದರೆ 52% ಮಾತ್ರ. ಮಾದರಿಯಲ್ಲಿ ಏನೋ ಅಳತೆಯನ್ನು ಅಡ್ಡಗಟ್ಟುತ್ತಿದೆ ಎಂದರ್ಥ. 80ರಿಂದ 120% ನಡುವೆ ಇದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಹಂತ 6: ಸಣ್ಣ ಅಣುವನ್ನು ತೂಗುವುದು

50 ಮೈಕ್ರೋಲೀಟರ್ ಮೂತ್ರಕ್ಕೆ 0.1% ಫಾರ್ಮಿಕ್ ಆಮ್ಲದ ನೀರು 950 ಮೈಕ್ರೋಲೀಟರ್ ಸೇರಿಸಿ. ಆ ನೀರಿನಲ್ಲಿ ಗೊತ್ತಿರುವ ಪ್ರಮಾಣದ ಆಂತರಿಕ ಮಾನಕ ಮೊದಲೇ ಇರಬೇಕು: ಕೆಲವು ಹೈಡ್ರೋಜನ್ ಪರಮಾಣುಗಳ ಜಾಗದಲ್ಲಿ ಡ್ಯೂಟೀರಿಯಂ ಕೂರಿಸಿದ 5-ಎಚ್‌ಐಎಎ. ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಅದು ಮೂಲದ ಅವಳಿ, ತೂಕದಲ್ಲಿ ಮಾತ್ರ ಬೇರೆ. ಕೊಳವೆಯಲ್ಲಿ ಸ್ವಲ್ಪ ಚೆಲ್ಲಿದರೆ, ಯಂತ್ರದ ಸಂವೇದನೆ ತಗ್ಗಿದರೆ ಎರಡಕ್ಕೂ ಸಮನಾದ ನಷ್ಟ, ಅನುಪಾತ ಬದಲಾಗುವುದಿಲ್ಲ. ಈ ಒಂದು ಉಪಾಯವೇ ವಿಧಾನದ ಜೀವಾಳ, ಹಣ ಉಳಿಸಲು ಇದನ್ನು ಬಿಡಬೇಡಿ.

ಮಾದರಿ ಮೂತ್ರದ ಬದಲು ಪ್ಲಾಸ್ಮಾ ಆಗಿದ್ದರೆ ಮೊದಲು ಮೂರು ಪಟ್ಟು ಅಸಿಟೋನೈಟ್ರೈಲ್ ಸೇರಿಸಿ ಪ್ರೋಟೀನುಗಳನ್ನು ಮಡ್ಡಿಯಾಗಿಸಿ ಇಳಿಸಬೇಕು, ಅದೂ ಹೊಗೆಗೂಡಿನ ಒಳಗೆ. ಸೆಂಟ್ರಿಫ್ಯೂಜ್ ಮಾಡಿ ತಿಳಿ ದ್ರವವನ್ನು ಮಾತ್ರ ಯಂತ್ರಕ್ಕೆ ಕೊಡಿ.

ಸಿ18 ಕಾಲಮ್‌ನಲ್ಲಿ (ನೀರಿಗೆ ಒಲ್ಲದ ಅಣುಗಳನ್ನು ಹಿಡಿದಿಡುವ ಕೊಳವೆಯಲ್ಲಿ) ಫಾರ್ಮಿಕ್ ಆಮ್ಲದ ನೀರಿನಿಂದ ಆರಂಭಿಸಿ ಅಸಿಟೋನೈಟ್ರೈಲ್ ಪಾಲನ್ನು ಏರಿಸುತ್ತಾ ಹೋದಂತೆ ಸಂಯುಕ್ತಗಳು ಒಂದೊಂದಾಗಿ ಹೊರಬರುತ್ತವೆ. ಹೊರಬಂದದ್ದು ವಿದ್ಯುತ್ ಸಿಂಪಡಣೆಯಲ್ಲಿ ಅಯಾನಾಗುತ್ತದೆ. ಈ ತಂತ್ರಕ್ಕಾಗಿಯೇ ಜಾನ್ ಫೆನ್ 2002ರ ನೊಬೆಲ್ ಹಂಚಿಕೊಂಡದ್ದು. 5-ಎಚ್‌ಐಎಎ ಒಂದು ಪ್ರೋಟಾನ್ ಪಡೆದು 192 ಆಗುತ್ತದೆ. ಮೊದಲ ಶೋಧಕ 192 ಅನ್ನು ಮಾತ್ರ ಒಳಬಿಡುತ್ತದೆ, ನಡುವಿನ ಕೋಶದಲ್ಲಿ ಅನಿಲಕ್ಕೆ ಬಡಿದು ಅಣು ಒಡೆಯುತ್ತದೆ, 46 ತೂಕದ ತುಣುಕು ಕಳಚಿ 146 ಉಳಿಯುತ್ತದೆ, ಕೊನೆಯ ಶೋಧಕ ಅದನ್ನಷ್ಟೇ ಎಣಿಸುತ್ತದೆ. 192ರಿಂದ 146 ಕೊಡುವ ಬೇರೆ ಸಂಯುಕ್ತವೂ ಇರಬಹುದಾದ್ದರಿಂದ ಮೂರು ಸಾಕ್ಷಿಗಳು ಕೂಡಬೇಕು: ಹೊರಬಂದ ಸಮಯ ಆಂತರಿಕ ಮಾನಕದ್ದಕ್ಕೆ ಸರಿಹೊಂದಬೇಕು, ಎರಡನೆಯ ತುಣುಕೂ ಕಾಣಬೇಕು, ಎರಡು ತುಣುಕುಗಳ ಅನುಪಾತ ಶುದ್ಧ ಮಾನಕದಲ್ಲಿದ್ದಂತೆಯೇ ಇರಬೇಕು.

ಓಡಿಸುವ ಸರದಿ ಹೀಗಿರಲಿ: ಖಾಲಿ ಮಾದರಿ, ಆಂತರಿಕ ಮಾನಕ ಮಾತ್ರ ಇರುವ ಮಾದರಿ, ಕೆಳಗಿನಿಂದ ಮೇಲಕ್ಕೆ ಮಾನಕಗಳು, ಅತಿ ಮೇಲಿನದರ ಬೆನ್ನಿಗೇ ಮತ್ತೊಂದು ಖಾಲಿ, ನಂತರ ಕಂಟ್ರೋಲ್‌ಗಳ ನಡುವೆ ಮಾದರಿಗಳು. ಎರಡನೆಯ ಖಾಲಿಯಲ್ಲಿ ಶಿಖರ ಕಂಡರೆ ಹಿಂದಿನದರ ಉಳಿಕೆ ಮುಂದಿನದಕ್ಕೆ ಸೇರುತ್ತಿದೆ ಎಂದು ತಿಳಿಯಿರಿ. ಔಷಧ ನಿಯಮಗಳನ್ನು ಏಕರೂಪಗೊಳಿಸುವ ಅಂತರರಾಷ್ಟ್ರೀಯ ಮಂಡಳಿ ಐಸಿಎಚ್‌ನ 2022ರ ಎಂ10 ಮಾರ್ಗಸೂಚಿ ಔಷಧಗಳ ಅಳತೆಗೆ ಬರೆದದ್ದಾದರೂ ಅದರ ಮಿತಿ ಇಲ್ಲಿಗೂ ಒಳ್ಳೆಯ ಅಳತೆಗೋಲು: ಲೆಕ್ಕಕ್ಕೆ ಬಂದ ಪ್ರಮಾಣ ನಿಜದಿಂದ 15% ಒಳಗೆ, ಅತಿ ಕೆಳಗಿನ ಬಿಂದುವಿನಲ್ಲಿ 20% ಒಳಗೆ.

ಲೀಟರಿಗೆ 5 ಮಿಲಿಗ್ರಾಂ ಬಂದು, ದಿನದ ಮೂತ್ರ 1.6 ಲೀಟರ್ ಇದ್ದರೆ ದಿನಕ್ಕೆ 8 ಮಿಲಿಗ್ರಾಂ. ಆರೋಗ್ಯವಂತರಲ್ಲಿ ಸುಮಾರು 2ರಿಂದ 8 ಇರುವುದರಿಂದ ಇದು ಸರಿಯಾಗಿ ಗಡಿಯ ಮೇಲೆ ನಿಂತಿದೆ. ಇಂಥ ಕಡೆ ಯಂತ್ರವನ್ನು ಮತ್ತೆ ಓಡಿಸುವ ಮೊದಲು ಆ ವ್ಯಕ್ತಿ ಏನು ತಿಂದಿದ್ದರು, ಸಂಗ್ರಹ ಪೂರ್ತಿಯಾಗಿತ್ತೇ ಎಂದು ಕೇಳಿ. ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಬರುವ ಕ್ರಿಯಾಟಿನಿನ್ ಅನ್ನು ಅದೇ ಮೂತ್ರದಲ್ಲಿ ಅಳೆದರೆ ಅಪೂರ್ಣ ಸಂಗ್ರಹದ ಸುಳಿವು ಸಿಗುತ್ತದೆ.

ಹಂತ 7: ವರದಿ

ಮಿಲಿಲೀಟರಿಗೆ ಲೆಕ್ಕ ಹಾಕಿದರೆ, ಪಿಎಸ್‌ಎಗೆ ರೂಢಿಯ ಗಡಿ 4 ನ್ಯಾನೋಗ್ರಾಂ, ಅಂಡಾಶಯದ ಕ್ಯಾನ್ಸರ್‌ನ ಸೂಚಕ ಸಿಎ 125ಕ್ಕೆ 35 ಯೂನಿಟ್. ಗಡಿ ದಾಟಿದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ವಯಸ್ಸಿನೊಂದಿಗೆ ಪ್ರಾಸ್ಟೇಟ್ ಹಿಗ್ಗಿದರೂ, ಅದಕ್ಕೆ ಸೋಂಕು ತಗುಲಿದರೂ ಪಿಎಸ್‌ಎ ಏರುತ್ತದೆ. ಎಂಡೊಮೆಟ್ರಿಯೋಸಿಸ್‌ನಲ್ಲಿ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ತೊಂದರೆಯಲ್ಲಿ), ಮುಟ್ಟಿನ ದಿನಗಳಲ್ಲಿ ಸಿಎ 125 ಏರುತ್ತದೆ. ಧೂಮಪಾನಿಗಳಲ್ಲಿ ಸಿಇಎ ಹೆಚ್ಚು. ತಿರುವುಮುರುವು ಕೂಡ ಉಂಟು: ಲೂಯಿಸ್ ಎಂಬ ರಕ್ತಗುಂಪಿನ ಪ್ರತಿಜನಕ ಇಲ್ಲದವರ ದೇಹ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನ ಸೂಚಕವಾದ ಸಿಎ 19-9 ಅನ್ನು ತಯಾರಿಸುವುದೇ ಇಲ್ಲ, ಕ್ಯಾನ್ಸರ್ ಇದ್ದರೂ ಸಂಖ್ಯೆ ತಣ್ಣಗಿರುತ್ತದೆ.

ಲಕ್ಷಣಗಳಿಲ್ಲದವರನ್ನೆಲ್ಲ ಪರೀಕ್ಷಿಸಿದರೆ ಏನಾಗುತ್ತದೆಂದು ಒಂದು ಕಾಲ್ಪನಿಕ ಲೆಕ್ಕ ನೋಡಿ. ಸಾವಿರಕ್ಕೊಬ್ಬರಿಗೆ ರೋಗ, ಪರೀಕ್ಷೆಗೆ ರೋಗಿಗಳಲ್ಲಿ 90% ಸಿಕ್ಕುತ್ತಾರೆ, ಆರೋಗ್ಯವಂತರಲ್ಲಿ 95% ಸರಿಯಾಗಿ ಬಿಡುಗಡೆಯಾಗುತ್ತಾರೆ ಎಂದುಕೊಳ್ಳಿ. ಹತ್ತು ಸಾವಿರ ಜನರಲ್ಲಿ ರೋಗವಿರುವ 10 ಮಂದಿಯಲ್ಲಿ 9 ಜನ ಸಿಗುತ್ತಾರೆ, ಉಳಿದ 9,990ರಲ್ಲಿ ಸುಮಾರು 500 ಮಂದಿ ಸುಮ್ಮಸುಮ್ಮನೆ ಸಿಕ್ಕಿಬೀಳುತ್ತಾರೆ. ಪಾಸಿಟಿವ್ ಎಂದು ಬಂದ 509 ಮಂದಿಯಲ್ಲಿ ನಿಜವಾದವರು ನೂರಕ್ಕೆ ಇಬ್ಬರೂ ಇಲ್ಲ. ಬಹುಪಾಲು ಸೂಚಕಗಳು ರೋಗ ಹುಡುಕುವುದಕ್ಕಿಂತ ಚಿಕಿತ್ಸೆಯ ನಂತರದ ನಿಗಾಕ್ಕೆ ಹೆಚ್ಚು ಒದಗುವುದು ಇದಕ್ಕಾಗಿ.

ನಿಗಾದಲ್ಲಿ ಇಳಿಕೆಯ ವೇಗವೇ ಮುಖ್ಯ. ಪಿಎಸ್‌ಎ ರಕ್ತದಲ್ಲಿ ಅರ್ಧಕ್ಕಿಳಿಯಲು ಎರಡು-ಮೂರು ದಿನ ಬೇಕು, ಎಎಫ್‌ಪಿಗೆ ಐದಾರು ದಿನ. ಪ್ರಾಸ್ಟೇಟ್ ತೆಗೆದ ವಾರದಲ್ಲೇ ಅಳೆದು ‘ಇನ್ನೂ ಇದೆ’ ಎಂದು ಹೆದರಿಸುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ವರದಿಯಲ್ಲಿ ಮಾದರಿ ತೆಗೆದ ದಿನಾಂಕ, ಏಕಮಾನ, ಪತ್ತೆಯ ಮಿತಿ, ಬಳಸಿದ ವಿಧಾನ ಮತ್ತು ಕಿಟ್ ತಯಾರಕರ ಹೆಸರು ಇರಲೇಬೇಕು. ಒಂದು ಕಿಟ್‌ನಲ್ಲಿ 3.8 ಬಂದ ಸೀರಂ ಮತ್ತೊಂದರಲ್ಲಿ 4.3 ಬರಬಹುದು, ಏಕೆಂದರೆ ಪ್ರತಿಕಾಯಗಳು ಬೇರೆ. ಪ್ರಯೋಗಾಲಯ ವಿಧಾನ ಬದಲಿಸುವುದಾದರೆ, ನಿಗಾದಲ್ಲಿರುವವರ ಮುಂದಿನ ಮಾದರಿಯನ್ನು ಹಳೆಯದು ಮತ್ತು ಹೊಸದು ಎರಡರಲ್ಲೂ ಓಡಿಸಿ, ಎರಡೂ ಸಂಖ್ಯೆಗಳನ್ನು ಒಂದೇ ವರದಿಯಲ್ಲಿ ಅಕ್ಕಪಕ್ಕ ಬರೆದುಕೊಡಿ. ಅದರ ಮುಂದಿನ ಸಲದಿಂದ ಹೊಸ ವಿಧಾನದ ಸಂಖ್ಯೆಯೊಂದೇ ಸಾಕು.